ನನ್ನ ಹೆಸರು ಬೇಡ ಎಂದಿದ್ದೆ

ನನ್ನ ಅಬ್ಬಾ ಜಯನಗರದ ತಿಲಕ್‌ನಗರದಲ್ಲಿ ದರ್ಜಿಯಾಗಿದ್ದರು. ಶಾಲೆಯಲ್ಲಿ ಕಲಿತದ್ದು ಉರ್ದು. ಕನ್ನಡ ಕಲಿಸಿದ್ದು ಗಿರಾಕಿಗಳು ಮತ್ತು 'ಲಂಕೇಶ್ ಪತ್ರಿಕೆ'. ವಾರಕ್ಕೊಮ್ಮೆ ಬರುತ್ತಿದ್ದ ಆ ಪತ್ರಿಕೆಯನ್ನು ಅಂಗಡಿಗೆ ಬಂದವರಿಂದ ಓದಿಸಿ ಕೇಳುತ್ತಿದ್ದರು. ನಾನು ಅಕ್ಷರ ಕಲಿತ ಮೇಲೆ ಆ ಕೆಲಸ ನನ್ನದಾಯಿತು. ಯಾವುದಾದರೂ ಮಂತ್ರಿಯ ಹಗರಣದ ವರದಿಯಿದ್ದರೆ ಕತ್ತರಿ ಕೆಳಗಿಟ್ಟು, "ಇನ್ನೊಂದು ಸಲ ಓದು ಬೇಟಾ" ಎನ್ನುತ್ತಿದ್ದರು.

ಇಂಗ್ಲಿಷ್ ಅಧ್ಯಾಪಕರಾಗಿದ್ದ ಪಿ. ಲಂಕೇಶ್ 1980ರ ಜುಲೈಯಲ್ಲಿ ಆ ಪತ್ರಿಕೆ ಆರಂಭಿಸಿದರು. ಕಚೇರಿ ಇದ್ದದ್ದು ನಮ್ಮ ಪಕ್ಕದ ಬಸವನಗುಡಿಯಲ್ಲಿ. ಅದರಲ್ಲಿ ಜಾಹೀರಾತು ಇರುತ್ತಿರಲಿಲ್ಲ. ಇದು ಸಣ್ಣ ಮಾತಲ್ಲ. ಜಾಹೀರಾತು ಕೊಡುವ ಸರಕಾರದ ಮೇಲೆ, ವ್ಯಾಪಾರಿಯ ಮೇಲೆ ಬರೆಯುವಾಗ ಯಾವ ಸಂಪಾದಕನ ಕೈಯೂ ಒಮ್ಮೆ ತಡೆಯುತ್ತದೆ. ಓದುಗನ ಚಿಲ್ಲರೆ ಕಾಸಿನಿಂದಲೇ ನಡೆಯುವ ಪತ್ರಿಕೆಗೆ ಆ ಹಂಗಿಲ್ಲ. ಗುಂಡೂರಾವ್ ಸರಕಾರವನ್ನು ವಾರವಾರವೂ ಕಾಡಿದ್ದು ಈ ಸ್ವಾತಂತ್ರ್ಯದಿಂದಲೇ. 1983ರ ಚುನಾವಣೆಯಲ್ಲಿ ಆ ಸರಕಾರ ಸೋತಾಗ ಅಬ್ಬಾ ತಾವೇ ಗೆದ್ದವರಂತೆ ಬೀದಿಯವರಿಗೆಲ್ಲ ಚಹಾ ಕುಡಿಸಿದ್ದರು. ಸಾರಾ ಅಬೂಬಕರ್ ಬರಹ ಆರಂಭಿಸಿದ್ದು ಆ ಪತ್ರಿಕೆಯಲ್ಲೇ. 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಬಾನು ಮುಷ್ತಾಕ್ ಅದರ ವರದಿಗಾರ್ತಿಯಾಗಿದ್ದರು. ನಮ್ಮಂಥವರಿಗೆ ಅದು ಪರರ ಪತ್ರಿಕೆ ಎಂದು ಅನಿಸಲೇ ಇಲ್ಲ.

ವರದಿಯೊಂದು ಹೇಗೆ ಹುಟ್ಟುತ್ತದೆ ಎಂಬುದು ಮಾತ್ರ ನನಗೆ ತಿಳಿದದ್ದು ಬಹಳ ತಡವಾಗಿ. ಅಬ್ಬಾ ತೀರಿಕೊಂಡ ಮೇಲೆ, 2006ರಲ್ಲಿ, ಜೆ.ಪಿ. ನಗರದಾಚೆ ಅವರು ಕಟ್ಟಿಸಿದ್ದ ಎರಡು ಕೋಣೆಯ ಮನೆಯ ಖಾತೆಯನ್ನು ಅಮ್ಮಿಯ ಹೆಸರಿಗೆ ಮಾಡಿಸಬೇಕಾಗಿತ್ತು. ಕಚೇರಿಯಲ್ಲಿ ಒಬ್ಬರು ಶುಲ್ಕದ ಮೇಲೆ 'ಬೇರೆ ಖರ್ಚು' ಕೇಳಿದರು. ಕೊಡಲಿಲ್ಲ. ಐದು ತಿಂಗಳು ಅಲೆದೆ. ಕೊನೆಗೆ ಸಿಟ್ಟಿನಲ್ಲಿ ಒಂದು ಸಣ್ಣ ಪತ್ರಿಕೆಯ ವರದಿಗಾರರ ಬಳಿ ಹೋದೆ.

ಅವರು ಎಲ್ಲವನ್ನೂ ಕೇಳಿ, "ನಿಮ್ಮ ಸಿಟ್ಟನ್ನು ಅಚ್ಚು ಹಾಕಲು ಆಗುವುದಿಲ್ಲ. ಕಾಗದ ಏನಿದೆ?" ಎಂದರು. ನನ್ನಲ್ಲಿದ್ದದ್ದು ಅರ್ಜಿ ಕೊಟ್ಟ ರಸೀದಿಯೊಂದೇ. ಮಾಹಿತಿ ಹಕ್ಕು ಕಾಯ್ದೆ ಜಾರಿಗೆ ಬಂದು ಆಗ ವರ್ಷವೂ ತುಂಬಿರಲಿಲ್ಲ. ಅವರು ಹತ್ತು ರೂಪಾಯಿ ಕಟ್ಟಿ, ತಮ್ಮ ಹೆಸರಿನಲ್ಲೇ, ಆ ಕಚೇರಿಯ ಅರ್ಜಿ ಪುಸ್ತಕದ ಪ್ರತಿ ಕೇಳಿದರು. ಪ್ರತಿ ಬಂದ ಮೇಲೆ ಅರ್ಜಿ ಬಂದ ದಿನ, ಕೆಲಸ ಮುಗಿದ ದಿನ ಎಂದು ಎರಡು ಸಾಲು ಬರೆದುಕೊಂಡು ಕುಳಿತರು. ನನ್ನ ನಂತರ ಬಂದ ಎಷ್ಟೋ ಅರ್ಜಿಗಳು ವಾರದೊಳಗೆ ಮುಗಿದಿದ್ದವು. ನನ್ನಂಥವು ಕೊಳೆಯುತ್ತಿದ್ದವು. ಅಧಿಕಾರಿಯ ಉತ್ತರವನ್ನೂ ಕೇಳಿ ವರದಿ ಬರೆದರು.

"ನನ್ನ ಹೆಸರು ಮಾತ್ರ ಬೇಡ ಸಾರ್" ಎಂದಿದ್ದೆ. ಅವರು ಒಪ್ಪಿದರು. ವರದಿ ಬಂದ ತಿಂಗಳೊಳಗೆ ಖಾತೆಯೂ ಬಂತು.

ನಂತರ ಅವರಿಗೆ ವಕೀಲರ ನೋಟಿಸು ಬಂತು. ತಡವಾದದ್ದಕ್ಕೆ ಪುಸ್ತಕವೇ ಸಾಕ್ಷಿ. ಹಣ ಕೇಳಿದ್ದಕ್ಕೆ? ಅದಕ್ಕೆ ಸಾಕ್ಷಿ ನಾನೊಬ್ಬನೇ. "ಬೇಕಾದರೆ ಕೋರ್ಟಿಗೆ ಬರುತ್ತೀರಾ?" ಎಂದು ಕೇಳಿದರು. ಅಂಗಡಿ, ಮಕ್ಕಳು, ಅಮ್ಮಿಯ ಕಾಯಿಲೆ ಎಂದು ಏನೇನೋ ಹೇಳಿದೆ. "ಇರಲಿ ಬಿಡಿ" ಎಂದರು. ಪುಣ್ಯಕ್ಕೆ ಪ್ರಕರಣ ನೋಟಿಸಿನಲ್ಲೇ ನಿಂತಿತು. ಆದರೆ ಅವರು ನನ್ನ ಹೆಸರನ್ನು ಯಾರಿಗೂ ಹೇಳಲಿಲ್ಲ.

ಹತ್ತು ವರ್ಷದ ನಂತರ, 2016ರ ನವೆಂಬರಿನಲ್ಲಿ, ಗೌರಿ ಲಂಕೇಶರಿಗೆ ಹುಬ್ಬಳ್ಳಿಯ ನ್ಯಾಯಾಲಯ ಆರು ತಿಂಗಳ ಶಿಕ್ಷೆ ವಿಧಿಸಿದ ಸುದ್ದಿ ಓದಿದಾಗ ಇದೆಲ್ಲ ನೆನಪಾಯಿತು. 2008ರಲ್ಲಿ ತಮ್ಮ ಪತ್ರಿಕೆಯಲ್ಲಿ ಇಬ್ಬರು ಬಿಜೆಪಿ ನಾಯಕರ ಕುರಿತು ಪ್ರಕಟಿಸಿದ್ದ ವರದಿಯನ್ನು ಅವರಿಂದ ಸಾಬೀತುಪಡಿಸಲು ಆಗಿರಲಿಲ್ಲ. ಜಾಮೀನು ಸಿಕ್ಕಿತು. ಮರುವರ್ಷ ಸೆಪ್ಟೆಂಬರ್ 5ರಂದು ರಾಜರಾಜೇಶ್ವರಿ ನಗರದ ಮನೆಯ ಮುಂದೆ ಅವರನ್ನು ಗುಂಡಿಟ್ಟು ಕೊಂದರು. ಆ ಕೊಲೆಯ ಹಿನ್ನೆಲೆ ಬೇರೆ, ಈ ಮೊಕದ್ದಮೆ ಬೇರೆ. ಆ ತೀರ್ಪಿನ ಸರಿತಪ್ಪು ಹೇಳುವಷ್ಟು ಕಾನೂನು ನನಗೆ ಗೊತ್ತಿಲ್ಲ. ಒಂದು ಮಾತ್ರ ಅರ್ಥವಾಯಿತು. ಮಾನನಷ್ಟ ಮೊಕದ್ದಮೆಯಲ್ಲಿ ಬರೆದದ್ದು ಸತ್ಯವೆಂದು ತೋರಿಸುವ ಹೊಣೆ ಬರೆದವರದೇ. ಸುಳ್ಳು ಬರೆಯುವವರಿಗೆ ಈ ಅಂಕುಶ ಬೇಕು, ನಿಜ. ಆದರೆ ಸತ್ಯ ಬರೆದವರೂ, ನೋಡಿದವನು ನಾಪತ್ತೆಯಾದರೆ, ಕಟಕಟೆಯಲ್ಲಿ ಒಂಟಿಯಾಗುತ್ತಾರೆ.

ನಿರ್ಭೀತ ಪತ್ರಕರ್ತರು ಈಗ ಎಲ್ಲಿದ್ದಾರೆ ಎಂದು ನಾವು ಆಗಾಗ ಕೇಳುತ್ತೇವೆ. ನಾನೂ ಕೇಳಿದ್ದೇನೆ. ಆದರೆ ಕಾಸು ಕೊಟ್ಟು ಪತ್ರಿಕೆ ಕೊಳ್ಳುವ ಓದುಗ, ಕಂಡದ್ದನ್ನು ಕಂಡೆ ಎನ್ನುವ ಸಾಕ್ಷಿ ಇಬ್ಬರೂ ಇಲ್ಲದಿದ್ದರೆ ಅವರೊಬ್ಬರ ಧೈರ್ಯ ಎಷ್ಟು ದಿನ ಬಾಳೀತು? ಅಬ್ಬಾ ತಮ್ಮ ಪಾಲಿನದನ್ನು ಪ್ರತಿ ವಾರ ಸಂದಾಯ ಮಾಡಿದ್ದರು. ಅಮ್ಮಿಯ ಹೆಸರಿನ ಖಾತೆ ಇಂದಿಗೂ ನಮ್ಮ ಬೀರುವಿನಲ್ಲಿದೆ. ಅದನ್ನು ತೆಗೆದು ನೋಡಿದಾಗಲೆಲ್ಲ ನನ್ನ ಪಾಲು ಬಾಕಿಯಿದೆ ಎನಿಸುತ್ತದೆ.