ಬಿಸಿಲು, ಕೂದಲು ಮತ್ತು ಒಂದು ವಲ್ಲಿ

ರಾಯಚೂರಿನಲ್ಲಿ ತಲೆಯ ಬಗ್ಗೆ ಯಾವ ದೂರು ಎದ್ದರೂ ಮೊದಲು ಬರುವ ಹೆಸರು ಬಿಸಿಲಿನದು. ಕೂದಲು ಉದುರಿದರೆ ಬಿಸಿಲು, ಕೆಂಚಾದರೆ ಬಿಸಿಲು, ಹೊಟ್ಟಾದರೆ ಬಿಸಿಲು, ಮೂವತ್ತಕ್ಕೇ ನರೆತರೂ ಬಿಸಿಲು. ಕಟಿಂಗ್ ಅಂಗಡಿಯ ಕುರ್ಚಿಯಲ್ಲಿ ಕೂತ ಈ ಬರಹಗಾರನ ನೆತ್ತಿ ನೋಡಿ, "ಬಿಸಲು ತಿಂದುಬಿಟ್ಟೈತ್ರಿ" ಎಂದು ಕತ್ತರಿ ಹಿಡಿದವರು ಹೇಳಿದಾಗ ಅವನಿಗೆ ಸಮಾಧಾನವೇ ಆಯಿತು. ಅಪ್ಪ, ಅಜ್ಜ ಇಬ್ಬರ ನೆತ್ತಿಯೂ ಬಯಲಾಗಿತ್ತೆಂಬ ಸಂಗತಿಯನ್ನು ಅವನು ಬಾಯಿಬಿಡಲಿಲ್ಲ. ವಂಶದ ಹೊರೆಯನ್ನು ಸೂರ್ಯನ ತಲೆಗೆ ಕಟ್ಟುವ ಸೌಲಭ್ಯ ಮಲೆನಾಡಿನವರಿಗೆಲ್ಲಿ?

ಹೆಸರು ಸುಮ್ಮನೆ ಕೆಟ್ಟಿಲ್ಲ. ಕೃಷ್ಣೆ, ತುಂಗಭದ್ರೆಯರ ನಡುವಿನ ಈ ಸೀಮೆಯಲ್ಲಿ ಏಪ್ರಿಲ್, ಮೇ ತಿಂಗಳ ತಾಪ 40 ಡಿಗ್ರಿ ದಾಟಿದರೆ ಅದು ಸುದ್ದಿಯೇ ಅಲ್ಲ. ಊರು ಇರುವುದು ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾಗಾಗಿ ವರ್ಷಕ್ಕೆರಡು ಸಲ ನಡುಹಗಲಿನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ನಿಲ್ಲುತ್ತಾನೆ. ನೆಟ್ಟ ಕಂಬಕ್ಕೂ ಆ ಹೊತ್ತಿನಲ್ಲಿ ನೆರಳಿರುವುದಿಲ್ಲ. ಮೇ ಮೊದಲ ವಾರದ್ದು ಎಲ್ಲರಿಗೂ ಗೊತ್ತು, ಬೆವರೇ ಹೇಳುತ್ತದೆ. ಆಗಸ್ಟ್ ಮೊದಲರ್ಧದ್ದನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆಗ ಮೋಡ ಇರುತ್ತದೆ, ಗಾಳಿ ತಂಪು. ಆದರೆ ಕೂದಲನ್ನೂ ಚರ್ಮವನ್ನೂ ಕೆಡಿಸುವುದು ಸೆಕೆಗಿಂತ ಹೆಚ್ಚಾಗಿ ಕಣ್ಣಿಗೆ ಕಾಣದ ನೇರಳಾತೀತ ಕಿರಣ. ತೆಳು ಮೋಡವನ್ನು ಅದು ಸಲೀಸಾಗಿ ದಾಟಿ ಬರುತ್ತದೆ.

ಅದೇ ದಿನಗಳಲ್ಲಿ ಮಾನ್ವಿ ಕಡೆ, ತುಂಗಭದ್ರಾ ಎಡದಂಡೆ ಕಾಲುವೆಯ ಗದ್ದೆಗಳಲ್ಲಿ, ಭತ್ತ ಹಚ್ಚುವ ಕೆಲಸ. ಹೆಣ್ಣಾಳುಗಳು ಸೀರೆಯ ಮೇಲೆ ಗಂಡನ ತುಂಬುತೋಳಿನ ಅಂಗಿ ತೊಟ್ಟು, ತಲೆಗೊಂದು ವಲ್ಲಿ ಬಿಗಿದು ಸಾಲುಗಟ್ಟಿ ಬಾಗಿರುತ್ತಾರೆ. ಬಾಗಿದವರಿಗೆ ಬಿಸಿಲು ಬೀಳುವುದು ಹಿಂದಲೆಗೆ, ಕತ್ತಿಗೆ. ವಲ್ಲಿಯ ಉಳಿದ ತುದಿಯನ್ನು ಹಿಂದಕ್ಕೆ ಇಳಿಬಿಡುವುದು ಅದಕ್ಕೇ. ಯಾವ ಚರ್ಮವೈದ್ಯರೂ ಇದಕ್ಕಿಂತ ಒಳ್ಳೆಯ ಸಲಹೆ ಕೊಡುವುದು ಕಷ್ಟ.

ಬಿಸಿಲು ಕೂದಲಿಗೆ ಮಾಡುವುದಾದರೂ ಏನು? ನೆತ್ತಿಯಿಂದ ಹೊರಗೆ ಬಂದ ಕೂದಲು ಸತ್ತ ವಸ್ತು, ಕೆರಾಟಿನ್ ಎಂಬ ಪ್ರೋಟೀನಿನ ಎಳೆ. ಗಾಯವಾದರೆ ಚರ್ಮ ಮಾಯುತ್ತದೆ, ಕೂದಲು ಮಾಯುವುದಿಲ್ಲ. ನೇರಳಾತೀತ ಕಿರಣ ಆ ಪ್ರೋಟೀನನ್ನು ಗಟ್ಟಿಯಾಗಿ ಹಿಡಿದ ಗಂಧಕದ ಬಂಧಗಳನ್ನು ಮುರಿಯುತ್ತದೆ, ಹೊರಪದರದ ಜಿಡ್ಡನ್ನು ಕಳೆಯುತ್ತದೆ. ಆಮೇಲೆ ಬಾಚಣಿಕೆ ಸಿಕ್ಕಿಬೀಳುತ್ತದೆ, ತುದಿ ಸೀಳುತ್ತದೆ. ಬಣ್ಣದ ಕಣಗಳಾದ ಮೆಲನಿನ್ ಈ ಕಿರಣವನ್ನು ಹೀರಿಕೊಂಡು ಒಳಗಿನ ಪ್ರೋಟೀನನ್ನು ಕಾಯುತ್ತದೆ, ಕಾಯುತ್ತ ತಾನೇ ಸವೆಯುತ್ತದೆ. ಕಪ್ಪು ಕೂದಲಿನ ಮೆಲನಿನ್ ಕೆಂಗೂದಲಿನದಕ್ಕಿಂತ ಗಟ್ಟಿ. ಆದರೂ ದಿನವಿಡೀ ಹೊಲದಲ್ಲಿರುವವರ ಜಡೆಯ ತುದಿ ತಾಮ್ರದ ಬಣ್ಣಕ್ಕೆ ತಿರುಗುತ್ತದೆ.

ಉದುರುವ ಮಾತೇ ಬೇರೆ. ಕೂದಲ ಬೇರು ಇರುವುದು ಚರ್ಮದೊಳಗೆ ಕೆಲವು ಮಿಲಿಮೀಟರ್ ಆಳದಲ್ಲಿ. ಗಂಡಸರ ನೆತ್ತಿ ಬೋಳಾಗುವುದು ಮುಖ್ಯವಾಗಿ ವಂಶಗುಣ ಮತ್ತು ಹಾರ್ಮೋನಿನಿಂದ; ಕಟಿಂಗ್ ಅಂಗಡಿಯ ತೀರ್ಪು ಮೇಲ್ಮನವಿಯಲ್ಲಿ ನಿಲ್ಲುವುದಿಲ್ಲ. ಋತುವಿಗೂ ಉದುರುವಿಕೆಗೂ ಏನೋ ನಂಟಿದೆ ಎನ್ನುವುದು ಮಾತ್ರ ಸುಳ್ಳಲ್ಲ. ಸ್ವಿಟ್ಜರ್ಲೆಂಡಿನಲ್ಲಿ 823 ಹೆಂಗಸರನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಉದುರಲು ಸಿದ್ಧವಾಗಿ ವಿಶ್ರಾಂತಿಗೆ ಕೂತ ಕೂದಲು ಹೆಚ್ಚು ಕಂಡದ್ದು ಜುಲೈನಲ್ಲಿ. ಆದರೆ ಅದು ಅವರ ಬೇಸಿಗೆ. ನಮ್ಮ ರಣಬಿಸಿಲಿಗೆ ಆ ಲೆಕ್ಕವನ್ನು ಹಾಗೇ ಹಚ್ಚುವುದು ಸಾಹಸವೇ ಸರಿ.

ನಿಜದಲ್ಲಿ ಬಿಸಿಲಿನ ಪ್ರಕರಣದಲ್ಲಿ ಕೂದಲು ದೂರುದಾರನಿಗಿಂತ ಹೆಚ್ಚಾಗಿ ಕಾವಲುಗಾರ. 2023ರಲ್ಲಿ ಸಂಶೋಧಕಿಯರಾದ ನೀನಾ ಯಾಬ್ಲಾನ್ಸ್ಕಿ, ಟೀನಾ ಲಾಸೀಸಿ ಮತ್ತು ಸಂಗಡಿಗರು ಮನುಷ್ಯಾಕಾರದ ಬಿಸಿ ಬೊಂಬೆಯ ತಲೆಗೆ ನೆಟ್ಟನೆಯ, ಅಲೆಯಲೆಯಾದ, ಬಿಗಿ ಗುಂಗುರಿನ ಟೋಪನ್‌ಗಳನ್ನು ತೊಡಿಸಿ, ಮೇಲೆ ದೀಪದ ಕೃತಕ ಬಿಸಿಲು ಹಾಯಿಸಿ ಅಳೆದರು. ಯಾವ ಬಗೆಯ ಕೂದಲಿದ್ದರೂ ನೆತ್ತಿಗೆ ಇಳಿಯುವ ಬಿಸಿಲಿನ ಕಾವು ತಗ್ಗಿತು. ಬಿಗಿ ಗುಂಗುರಿನಡಿ ಎಲ್ಲಕ್ಕಿಂತ ಹೆಚ್ಚು ತಗ್ಗಿತು. ಬೋಳುತಲೆಯವರ ನೆತ್ತಿಯಲ್ಲಿ ವರ್ಷಗಳ ಬಿಸಿಲಿನಿಂದ ಒರಟು ಹೊಪ್ಪಳೆಗಳೇಳುವುದನ್ನು, ಕೆಲವು ಮುಂದೆ ಕ್ಯಾನ್ಸರಿಗೂ ತಿರುಗಬಹುದೆಂಬುದನ್ನು ವೈದ್ಯರು ಬಲ್ಲರು. ಬಿಳಿ ಚರ್ಮದವರಿಗೆ ಈ ಅಪಾಯ ಬಹಳ ಹೆಚ್ಚು, ನಮ್ಮವರಿಗೆ ಕಡಿಮೆ. ಬೈತಲೆಯ ಗೆರೆ ಮಾತ್ರ ಯಾರಿಗಾದರೂ ಸುಡುತ್ತದೆ.

ತಿರುಪತಿಗೆ ಮುಡಿ ಕೊಟ್ಟು ರೈಲಿಳಿಯುವವರನ್ನು ರಾಯಚೂರು ಸ್ಟೇಷನ್ನಿನಲ್ಲಿ ಗುರುತಿಸುವುದು ಸುಲಭ. ಎಂದೂ ಬಿಸಿಲು ಕಾಣದ ನೆತ್ತಿ ಒಮ್ಮೆಲೇ ಬಯಲಿಗೆ ಬಂದಿರುತ್ತದೆ. ಬಳಿದ ಗಂಧ ತಂಪು ಕೊಡುತ್ತದೆ. ಕಿರಣ ತಡೆಯುವ ಕೆಲಸ ಟೋಪಿಯದು.

ಟೋಪಿಯ ವಿಷಯದಲ್ಲಿ ಈ ಸ್ಟೇಷನ್ನಿಗೆ ಹಳೆಯ ನೆನಪಿರಬೇಕು. 1871ರಲ್ಲಿ ಮುಂಬೈ ಕಡೆಯಿಂದ ಬಂದ ಹಳಿಯೂ ಮದ್ರಾಸ್ ಕಡೆಯಿಂದ ಬಂದ ಹಳಿಯೂ ಕೂಡಿದ್ದು ರಾಯಚೂರಿನಲ್ಲಿ. ಆ ಕಾಲದ ದೊರೆಗಳು ಜೌಗಿನಲ್ಲಿ ಬೆಳೆಯುವ ಗಿಡದ ಬೆಂಡಿನಿಂದ ಮಾಡಿದ ಸೋಲಾ ಟೋಪಿಯಿಲ್ಲದೆ ಹೊರಗೆ ಕಾಲಿಡುತ್ತಿರಲಿಲ್ಲ. ಉಷ್ಣದೇಶದ ಬಿಸಿಲಿನ ಕಿರಣ ತಲೆಬುರುಡೆ ಕೊರೆದು ಮೆದುಳಿಗೇ ಇಳಿಯುತ್ತದೆಂದು ಅವರಲ್ಲಿ ಬಹುಮಂದಿ ನಂಬಿದ್ದರು. ಬೆನ್ನುಹುರಿ ಕಾಯಲು ಬೆನ್ನಿಗೆ ಫ್ಲಾನೆಲ್ ಮೆತ್ತೆ ಕಟ್ಟಿಕೊಂಡವರೂ ಉಂಟು. ನೇರಳಾತೀತ ಕಿರಣ ಚರ್ಮವನ್ನೇ ದಾಟಿ ಹೋಗುವುದಿಲ್ಲ, ಇನ್ನು ಬುರುಡೆ ಎಲ್ಲಿಂದ ಬಂತು! ಎರಡನೇ ಮಹಾಯುದ್ಧದ ಹೊತ್ತಿಗೆ ಆ ಭಯವೂ ಟೋಪಿಯೂ ಮೂಲೆ ಸೇರಿದವು.

ದೇವದುರ್ಗ ಕಡೆಯವನಾದ ಬರಹಗಾರನ ಅಜ್ಜ ಅಂಥ ಯಾವ ಸಿದ್ಧಾಂತವೂ ಇಲ್ಲದೆ ಪಟಗ ಸುತ್ತುತ್ತಿದ್ದ. ನಿಜಾಮರ ಸೀಮೆಯಲ್ಲಿ ಹುಟ್ಟಿ, 1956ರಲ್ಲಿ ಕೂತಲ್ಲೇ ಮೈಸೂರು ರಾಜ್ಯದವನಾದ ಆತ ಪಟಗ ಮಾತ್ರ ಬದಲಿಸಲಿಲ್ಲ. ಸುತ್ತಿನ ಮೇಲೆ ಸುತ್ತು ಬಂದ ಹತ್ತಿಬಟ್ಟೆಯಲ್ಲಿ ಕಿರಣ ನುಸುಳಲು ಸಂದು ಸಿಗುವುದಿಲ್ಲ. ಪದರಗಳ ನಡುವಿನ ಗಾಳಿ ಕಾವನ್ನು ತಡೆಯುತ್ತದೆ. ಮಟಮಟ ಮಧ್ಯಾಹ್ನ ಆತ ವಲ್ಲಿಯನ್ನು ನೀರಿನಲ್ಲಿ ಅದ್ದಿ ಹಾಕಿಕೊಳ್ಳುತ್ತಿದ್ದುದೂ ಉಂಟು. ನೀರು ಆರುವಾಗ ತಲೆ ತಣ್ಣಗಾಗುತ್ತದೆ ನಿಜ. ಆದರೆ ತೆಳುವಾದ ಹತ್ತಿಬಟ್ಟೆ ಒದ್ದೆಯಾದಾಗ ಒಣಗಿದ್ದಾಗಿನದಕ್ಕಿಂತ ಹೆಚ್ಚು ಕಿರಣ ಒಳಗೆ ಬಿಡುತ್ತದೆ. ಒಂದೇ ಪದರವಾದರೆ ಇದು ಲೆಕ್ಕಕ್ಕೆ ಬರುವ ಸಂಗತಿ, ನಾಲ್ಕು ಸುತ್ತಿದವರಿಗೆ ಚಿಂತೆಯಿಲ್ಲ. ಈಗಿನ ಹುಡುಗರು ಹೆಲ್ಮೆಟ್ಟಿನೊಳಗೆ ದಸ್ತಿ ಕಟ್ಟುತ್ತಾರೆ. ಅದು ಬೆವರು ಹೀರಲು. ಒಗೆಯದೆ ಅದನ್ನೇ ದಿನವೂ ಕಟ್ಟಿದರೆ ಬೆವರು, ಜಿಡ್ಡು ಸೇರಿ ತುರಿಕೆ ಶುರು; ಆ ದೂರೂ ಬಿಸಿಲಿನ ಖಾತೆಗೇ ಜಮೆ.

ಎಣ್ಣೆಯ ಬಗ್ಗೆಯೂ ಒಂದು ಮಾತು. ಅಜ್ಜಿ ನೆತ್ತಿಗೆ ಬಡಿಯುತ್ತಿದ್ದುದು ಔಡಲೆಣ್ಣೆ. ತೆಂಗು ಈ ನೆಲದ ಬೆಳೆಯಲ್ಲ. ಕೂದಲಿನೊಳಗೆ ಇಳಿದು ಪ್ರೋಟೀನ್ ನಷ್ಟ ತಗ್ಗಿಸುವುದರಲ್ಲಿ ಕೊಬ್ಬರಿಎಣ್ಣೆ ಸೂರ್ಯಕಾಂತಿ ಎಣ್ಣೆಗಿಂತಲೂ ಖನಿಜತೈಲಕ್ಕಿಂತಲೂ ಮೇಲೆಂದು 2003ರಲ್ಲಿ ಭಾರತೀಯ ಸಂಶೋಧಕರು ತೋರಿಸಿದರು. ಔಡಲೆಣ್ಣೆ ಆ ಪಂದ್ಯದಲ್ಲಿ ಇರಲೇ ಇಲ್ಲವಾದ್ದರಿಂದ ಅಜ್ಜಿ ಸೋತಳೆನ್ನುವಂತಿಲ್ಲ.

ಬಿಸಿಲಿನ ಮೇಲಿನ ಆರೋಪ ತಮಾಷೆಯಾಗಿ ಉಳಿಯದ ಜಾಗವೂ ಒಂದಿದೆ. ದೇವದುರ್ಗದ ಹಳ್ಳಿಗಳಲ್ಲಿ, ತಾಂಡಾಗಳಲ್ಲಿ ಕೆಂಚುಗೂದಲಿನ ಮಗುವನ್ನು ಕಂಡರೆ, "ಬಿಸಲಾಗ ಆಡತಾವ್ರಿ" ಎಂಬ ಉತ್ತರ ಸಿದ್ಧ. ಬಿಸಿಲಿಗೆ ಮಾಸಿದ್ದಾದರೆ ಮೇಲಿನ ಪದರ ಮಾಸಿ, ಎತ್ತಿ ನೋಡಿದಾಗ ಅಡಿಯಲ್ಲಿ ಕಪ್ಪು ಉಳಿದಿರುತ್ತದೆ. ಅಡಿಯಲ್ಲೂ ಕೆಂಚಾಗಿ, ಎಳೆ ತೆಳುವಾಗಿ, ಮೆಲ್ಲಗೆ ಎಳೆದರೂ ಕೈಗೆ ಬಂದರೆ ಅದು ಪ್ರೋಟೀನ್ ಕೊರತೆ ಇರಬಹುದು. 2011ರಲ್ಲಿ ರಾಯಚೂರು ಜಿಲ್ಲೆಯ ಮಕ್ಕಳ ಅಪೌಷ್ಟಿಕತೆ ರಾಜ್ಯದ ದೊಡ್ಡ ಸುದ್ದಿಯಾಯಿತು. ಮರುವರ್ಷ ನ್ಯಾಯಮೂರ್ತಿ ಎನ್.ಕೆ. ಪಾಟೀಲರ ನೇತೃತ್ವದ ಸಮಿತಿ ಈ ಬಗ್ಗೆ ವರದಿ ಕೊಟ್ಟಿತು. 2021ರ ಡಿಸೆಂಬರಿನಲ್ಲಿ ಶಾಲೆಯ ಬಿಸಿಯೂಟಕ್ಕೆ ಮೊಟ್ಟೆ ಸೇರಿದ್ದೂ ರಾಯಚೂರು ಸೇರಿದಂತೆ ಏಳು ಜಿಲ್ಲೆಗಳಲ್ಲೇ ಮೊದಲು, ಮೊಟ್ಟೆ ಒಲ್ಲದವರಿಗೆ ಬಾಳೆಹಣ್ಣು. ಇನ್ನೂ ಶಾಲೆಗೆ ಹೋಗದ ಪುಟ್ಟ ಮಕ್ಕಳ ವಿಷಯದಲ್ಲಿ ಕೂದಲ ಬಣ್ಣವನ್ನೇ ನಂಬಿ ಕೂರುವಂತಿಲ್ಲ. ಎಡತೋಳಿನ ನಡುಭಾಗಕ್ಕೆ ಟೇಪು ಸುತ್ತಿ ಅಳೆಯುತ್ತಾರೆ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳು 11.5 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಅದು ತೀವ್ರ ಅಪೌಷ್ಟಿಕತೆ. ಆ ಮಗುವನ್ನು ಕೂಡಲೇ ಚಿಕಿತ್ಸೆಗೆ ಕಳಿಸಬೇಕು.