ದಡದಲ್ಲಿ ಕೂತವಳ ಕೆಲಸ

ನಮ್ಮೂರು ಮಡಿಕೇರಿ. ನೀರಿಗೇನೂ ಬರವಿಲ್ಲದ ಊರು. ಜೂನ್ ತಿಂಗಳಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ಬಂದರೂ ಪೂರ್ತಿ ಬಿಡುವುದಿಲ್ಲ. ಆದರೆ ಸಮುದ್ರವೆಂದರೆ ನಮಗೆ ದೂರದ ನೆಂಟರ ಹಾಗೆ. ಮಂಗಳೂರಿಗೆ ಹೋದಾಗ ಸೀರೆಯ ನೆರಿಗೆ ಎತ್ತಿ ಹಿಡಿದು, ಪಾದ ಒದ್ದೆ ಮಾಡಿಕೊಂಡು, ಒಂದು ಪೊಟ್ಟಣ ಕಡಲೆಕಾಯಿ ತಿಂದು ಬಂದರೆ ಮುಗಿಯಿತು. ಹೀಗಿರುವಾಗ ಕಳೆದ ವರ್ಷ ಮಳೆಗಾಲದ ನಡುವೆ ಬೆಂಗಳೂರಿನಿಂದ ರಜೆಗೆ ಬಂದ ಮಗಳು ಅಕ್ಕಿರೊಟ್ಟಿ ಮುರಿಯುತ್ತಾ, "ಅಮ್ಮಾ, ಡಿಸೆಂಬರಿನಲ್ಲಿ ಕಾರವಾರದಿಂದ ಕಾಸರಗೋಡಿನವರೆಗೆ ಸಮುದ್ರದಲ್ಲಿ ಹೋಗ್ತೇವೆ, ಕಯಾಕಿನಲ್ಲಿ. ನಾಲ್ಕು ಜನ, ಮೂರು ವಾರ. ರಾತ್ರಿ ಮರಳಿನ ಮೇಲೆ ಟೆಂಟು ಹಾಕಿ ಮಲಗುವುದು" ಎಂದಳು. ನನ್ನ ಕೈಯಲ್ಲಿದ್ದ ರೊಟ್ಟಿ ಕಾವಲಿಯ ಮೇಲೆ ಕರಿದಾಯಿತು.

ಕಯಾಕ್ ಎಂದರೆ ಏನೆಂದು ನಿಮಗೆ ಗೊತ್ತಿರಬಹುದು, ನನಗೆ ಗೊತ್ತಿರಲಿಲ್ಲ. ಹದಿನೇಳು ಅಡಿ ಉದ್ದದ, ಎರಡಡಿಗಿಂತ ಹೆಚ್ಚು ಅಗಲವಿಲ್ಲದ, ಒಬ್ಬರೇ ಕೂರುವ ದೋಣಿ. ಕೈಯಲ್ಲಿ ಎರಡೂ ತುದಿಗೆ ಅಲಗಿರುವ ಹುಟ್ಟು. ಉತ್ತರಧ್ರುವದ ಕಡೆಯ ಇನುಯಿಟ್ ಜನ ಸೀಲ್ ಪ್ರಾಣಿಯ ಚರ್ಮ ಹೊದಿಸಿ ಇದನ್ನು ಮಾಡಿಕೊಳ್ಳುತ್ತಿದ್ದರಂತೆ. ಸೊಂಟದವರೆಗೆ ಒಳಗೆ ತೂರಿಕೊಂಡು ಕೂತು, ನೀರು ನುಗ್ಗದಂತೆ ಲಂಗದಂಥದ್ದೊಂದನ್ನು ಸೊಂಟಕ್ಕೆ ತೊಟ್ಟು, ಅದರ ಅಂಚನ್ನು ದೋಣಿಯ ಬಾಯಿಗೆ ಬಿಗಿಯಬೇಕು. ಇದನ್ನು ಕೇಳಿದ ನಮ್ಮ ಅತ್ತೆ, "ಲಂಗ ಉಟ್ಟು ಸಮುದ್ರಕ್ಕೆ ಹೋಗುವವಳು ಸೀರೆ ಉಟ್ಟು ಹಸೆಮಣೆಗೆ ಬರುವುದು ಯಾವಾಗ?" ಎಂದರು. ಪಕ್ಕದ ಮನೆಯವರೂ ಅದನ್ನೇ ಕೇಳಿದರು, ಸ್ವಲ್ಪ ನಯವಾಗಿ.

ಅತ್ತೆಯ ಹೆದರಿಕೆಗೆ ಹಳೆಯ ಬೇರು ಇತ್ತು. ಕಥೆಗಾರ್ತಿ ಕೊಡಗಿನ ಗೌರಮ್ಮ ಹೊಳೆಯಲ್ಲಿ ಈಜುವಾಗ ಸುಳಿಗೆ ಸಿಕ್ಕಿ ತೀರಿಕೊಂಡದ್ದು 1939ರಲ್ಲಿ. ಆಗ ಅವರಿಗೆ ಇಪ್ಪತ್ತೇಳು ವರ್ಷ, ಈಗ ನನ್ನ ಮಗಳಿಗೂ ಅಷ್ಟೇ. ನಾವು ಚಿಕ್ಕವರಿದ್ದಾಗ ಹೊಳೆಯ ಕಡೆ ಕಾಲಿಟ್ಟರೆ ಸಾಕು, ದೊಡ್ಡವರು ಅವರ ಹೆಸರು ತೆಗೆಯುತ್ತಿದ್ದರು. ಹಾಗಾಗಿ ನಾನು ಈಜು ಕಲಿಯಲೇ ಇಲ್ಲ. ಆ ಮಾತು ಬಂದಾಗ ಮಗಳು, "ಅವರು ಸತ್ತದ್ದನ್ನು ಮಾತ್ರ ಹೇಳ್ತೀರಿ. ಆ ಕಾಲದಲ್ಲಿ ಒಬ್ಬ ಹೆಣ್ಣುಮಗಳು ಈಜುತ್ತಿದ್ದರು, ಟೆನಿಸ್ ಆಡುತ್ತಿದ್ದರು ಅನ್ನುವುದನ್ನು ಯಾಕೆ ಹೇಳುವುದಿಲ್ಲ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ನಮ್ಮವರು ಬಾಯಿಬಿಟ್ಟು ಬೇಡ ಎನ್ನುವವರಲ್ಲ. "ಮೊದಲು ತಯಾರಿ ತೋರಿಸು, ಆಮೇಲೆ ನೋಡೋಣ" ಎಂದರು. ಅವಳು ತೋರಿಸಿದಳು. ಪರಿಚಯದವರ ಕಾಫಿ ತೋಟದಲ್ಲಿ ಸ್ಪ್ರಿಂಕ್ಲರಿಗೆಂದು ತೋಡಿಸಿದ ದೊಡ್ಡ ಕೆರೆಯಿದೆ. ಅಲ್ಲಿಗೆ ದೋಣಿ ತಂದು, ಈಜು ಬಲ್ಲ ಇಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಬೇಕೆಂದೇ ದೋಣಿ ಮಗುಚಿದಳು. ತಲೆ ಕೆಳಗೆ, ಕಾಲು ದೋಣಿಯೊಳಗೆ. ನೀರಿನಡಿಯಲ್ಲೇ ಲಂಗದ ಕುಣಿಕೆ ಎಳೆದು ಹೊರಬರಬೇಕು. ಆಮೇಲೆ ಹುಟ್ಟಿನ ಒಂದು ಅಲಗಿಗೆ ಗಾಳಿ ತುಂಬಿದ ಚೀಲ ಸಿಕ್ಕಿಸಿ, ಅದನ್ನು ಊರುಗೋಲು ಮಾಡಿಕೊಂಡು ಮತ್ತೆ ಹತ್ತಬೇಕು. ದಡದಲ್ಲಿ ನಾನು ಗಡಿಯಾರ ಹಿಡಿದು ನಿಂತಿದ್ದೆ. ಮೊದಲ ಸಲ ಹತ್ತಿ ಕೂರಲು ಹನ್ನೊಂದು ನಿಮಿಷ. ಅಕ್ಟೋಬರ್ ಕೊನೆಯ ಹೊತ್ತಿಗೆ ಎರಡು ನಿಮಿಷದೊಳಗೆ ಬಂತು. ಆದರೂ ಪ್ರತಿ ಸಲ ಅವಳ ತಲೆ ನೀರಿನ ಮೇಲೆ ಬರುವವರೆಗೆ ನಾನೂ ಉಸಿರು ಬಿಡುತ್ತಿರಲಿಲ್ಲ.

ಸಾಮಾನು ಕಟ್ಟುವ ಹೊತ್ತಿಗೆ ನನ್ನ ಕೈ ಮುಂದಾಯಿತು. ಎಷ್ಟೆಂದರೂ ತಾಯಿಯಲ್ಲವೇ? ಕುಕ್ಕರು, ಎರಡು ಕಂಬಳಿ, ಹಂದಿಮಾಂಸದ ಉಪ್ಪಿನಕಾಯಿಯ ಭರಣಿ ಎಲ್ಲವನ್ನೂ ಸಾಲಾಗಿ ಇಟ್ಟೆ. ದೋಣಿಯ ಸಾಮಾನಿನ ಕಿಂಡಿಯ ಮುಚ್ಚಳ ನಮ್ಮ ದೋಸೆಯಷ್ಟು ಅಗಲ, ಅದರಲ್ಲಿ ಕುಕ್ಕರು ಹೋಗಲಿಲ್ಲ. ಭಾರದ ಸಾಮಾನು ಕೂರುವ ಜಾಗದ ಹತ್ತಿರ, ತಳದಲ್ಲಿರಬೇಕು. ಹಗುರದ್ದು ತುದಿಗಳಿಗೆ. ಎಲ್ಲಕ್ಕಿಂತ ಭಾರ ಕುಡಿಯುವ ನೀರೇ. ಒಬ್ಬರಿಗೆ ದಿನಕ್ಕೆ ನಾಲ್ಕೈದು ಲೀಟರ್ ಬೇಕು, ಎರಡು ದಿನದ್ದು ಹೊತ್ತುಕೊಂಡು ದಾರಿಯ ಹಳ್ಳಿಗಳಲ್ಲಿ ತುಂಬಿಸಿಕೊಳ್ಳಬೇಕು. ಕೊನೆಗೆ ನನ್ನ ಅಡುಗೆಮನೆಯಿಂದ ಗೆದ್ದು ಹೋದದ್ದು ಹುರಿಯಕ್ಕಿ ಪುಡಿ ಮತ್ತು ಬೆಲ್ಲ. ಬಾಳೆಹಣ್ಣು ಸಿಕ್ಕಿದ ಊರಿನಲ್ಲಿ ಕಲಸಿದರೆ ತಂಬಿಟ್ಟು, ಒಲೆಯೇ ಬೇಡ.

ಒಂದು ವಿಷಯದಲ್ಲಿ ಮಾತ್ರ ಅವಳು ನನಗೆ ಶಿಷ್ಯೆಯಾದಳು. ತೇವ ಎಂದರೇನೆಂದು ಮಡಿಕೇರಿಯ ಗೃಹಿಣಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೆಂಕಿಪೆಟ್ಟಿಗೆಯಿಂದ ಪಾಸ್‌ಬುಕ್ಕಿನವರೆಗೆ ನಾವು ನಾಲ್ಕು ತಿಂಗಳು ಕಾಪಾಡುವವರು. ಅವಳು ತಂದ ನೀರು ನುಗ್ಗದ ಚೀಲಗಳನ್ನು ನೋಡಿ, "ಅಂಗಡಿಯವನ ಮಾತು ನಂಬಬೇಡ" ಎಂದೆ. ಪ್ರತಿ ಚೀಲದಲ್ಲೂ ಹಳೆಯ ಪತ್ರಿಕೆ ತುಂಬಿ, ಬಾಯಿ ಸುತ್ತಿ ಮಡಿಸಿ, ಕಲ್ಲು ಹೇರಿ ರಾತ್ರಿಯಿಡೀ ಬಚ್ಚಲ ಹಂಡೆಯಲ್ಲಿ ಮುಳುಗಿಸಿದೆವು. ಬೆಳಿಗ್ಗೆ ಆರರಲ್ಲಿ ಒಂದರ ಪತ್ರಿಕೆ ಮುದ್ದೆಯಾಗಿತ್ತು. ಅದು ಔಷಧಿ ಮತ್ತು ಟಾರ್ಚಿಗೆಂದು ಇಟ್ಟ ಚೀಲ.

ರಾತ್ರಿಗಳಲ್ಲಿ ನಕ್ಷೆ ಹರಡಿಕೊಂಡು ಪಾಠ. ಬೆಳಗಿನ ಜಾವ ಸಮುದ್ರ ಶಾಂತ, ಮಧ್ಯಾಹ್ನವಾಗುತ್ತಲೇ ಕಡಲಗಾಳಿ ಏಳುತ್ತದೆ. ಆದ್ದರಿಂದ ನಸುಕಿನಲ್ಲಿ ಹೊರಟು ಹನ್ನೊಂದಕ್ಕೆ ದಡ ಸೇರಬೇಕು. ಆ ಗಾಳಿ ಹೆಚ್ಚಾಗಿ ವಾಯವ್ಯದಿಂದ ಬೀಸುವುದರಿಂದ ಉತ್ತರದಿಂದ ದಕ್ಷಿಣಕ್ಕೆ ಹೋಗುವುದು ಲೇಸು. ಕಾರವಾರದ ನೌಕಾನೆಲೆಯ ನೀರಿನಿಂದ ದೂರವಿರಬೇಕು. ಹೆಚ್ಚು ಅಪಾಯ ನಡುಗಡಲಿನಲ್ಲಿ ಅಲ್ಲ, ಅಳಿವೆಗಳಲ್ಲಿ. ಹೊನ್ನಾವರದಲ್ಲಿ ಶರಾವತಿ, ಮಂಗಳೂರಿನಲ್ಲಿ ನೇತ್ರಾವತಿ, ಹೀಗೆ ಹೊಳೆ ಕಡಲಿಗೆ ಬೀಳುವ ಬಾಯಲ್ಲಿ ಮರಳ ದಿಬ್ಬಕ್ಕೆ ಅಲೆ ಬಡಿದು ಒಡೆಯುತ್ತದೆ. ಇಳಿತದ ಹೊತ್ತಿನಲ್ಲಿ ಹೊಳೆಯ ಸೆಳೆತವೂ ಸೇರಿದರೆ ದೊಡ್ಡ ದೋಣಿಗಳೇ ತಡವರಿಸುತ್ತವೆ.

ಯಾತ್ರೆ ಮುಗಿಯುವುದೂ ಅಳಿವೆಯ ಹತ್ತಿರವೇ, ಕಾಸರಗೋಡಿನ ಚಂದ್ರಗಿರಿ ಹೊಳೆಯ ಬಳಿ. ಅದು ನಮ್ಮ ಪಯಸ್ವಿನಿ. ಕೊಡಗಿನ ಬೆಟ್ಟದಲ್ಲಿ ಹುಟ್ಟಿ, ಸಂಪಾಜೆ, ಸುಳ್ಯ ದಾಟಿ ಅಲ್ಲಿಗೆ ಹೋಗುತ್ತದೆ. ಕಾವೇರಿ ಮೂಡಣಕ್ಕೆ ಹೋದರೆ ಇವಳು ಪಡುವಣಕ್ಕೆ ಹೋದವಳು. "ನೀವು ನೀರಿನ ಜೊತೆ ಘಾಟಿ ಇಳಿದು ಬನ್ನಿ, ನಾನು ಕಡಲ ಕಡೆಯಿಂದ ಬರ್ತೇನೆ" ಎಂದಳು ಮಗಳು.

ಹೊರಡುವ ವಾರ ಅವಳು ನನ್ನ ಕೈಗೆ ಒಂದು ಹಾಳೆ ಕೊಟ್ಟಳು. ಪ್ರತಿ ದಿನ ಎಲ್ಲಿಂದ ಎಲ್ಲಿಗೆ, ನಡುವೆ ಇಳಿಯಬಹುದಾದ ದಡ ಯಾವುದು, ದೋಣಿಗಳ ಬಣ್ಣ, ನಾಲ್ವರ ನಂಬರು ಎಲ್ಲವೂ ಅದರಲ್ಲಿತ್ತು. "ಸ್ಯಾಟಲೈಟ್ ಫೋನು ಪರವಾನಗಿ ಇಲ್ಲದೆ ಇಟ್ಟುಕೊಳ್ಳುವ ಹಾಗಿಲ್ಲಮ್ಮ. ಹನ್ನೆರಡರೊಳಗೆ ಮೊಬೈಲಿನಲ್ಲಿ ಫೋನ್ ಮಾಡ್ತೇನೆ. ಬಾರದಿದ್ದರೆ ಎರಡರವರೆಗೆ ಕಾಯಿ. ಆಮೇಲೆ ಉಳಿದ ಮೂವರಿಗೆ ಮಾಡು. ನಾಲ್ಕಾದರೂ ಸುದ್ದಿ ಇಲ್ಲದಿದ್ದರೆ ಕೋಸ್ಟ್ ಗಾರ್ಡಿನ 1554ಕ್ಕೆ ಮಾಡು, ಕರಾವಳಿ ಕಾವಲು ಪೊಲೀಸರಿಗೂ ಹೇಳು. ಅದಕ್ಕೆ ಮೊದಲು ಬೇಡ, ಸುಮ್ಮನೆ ಜನ ನೀರಿಗಿಳಿಯಬಾರದು. ಅದಕ್ಕಿಂತ ತಡವೂ ಬೇಡ, ಆರು ದಾಟಿದರೆ ಕತ್ತಲು."

"ಇದನ್ನು ಅಪ್ಪನಿಗೆ ಕೊಡು" ಎಂದೆ.

"ಇಲ್ಲಮ್ಮ, ಇದು ನಿನಗೇ."

ಯಾಕೆಂದು ನನಗೆ ಗೊತ್ತಿತ್ತು. 2018ರ ಆಗಸ್ಟಿನಲ್ಲಿ ನಮ್ಮ ಗುಡ್ಡಗಳು ಜರಿದಾಗ ಮಕ್ಕಂದೂರಿನ ಕಡೆ ಇದ್ದ ನನ್ನ ತಂಗಿಯ ಫೋನು ನಿಂತುಹೋಯಿತು. ಕರೆಂಟಿಲ್ಲ, ಚಾರ್ಜಿಲ್ಲ, ಈಗ ಮಾಡಿಯಾಳು, ಇನ್ನೊಂದು ಗಳಿಗೆಗೆ ಮಾಡಿಯಾಳು ಎಂದುಕೊಳ್ಳುತ್ತಾ ಒಂದು ಹಗಲು ಒಂದು ರಾತ್ರಿ ನಾನು ಯಾರಿಗೂ ಹೇಳದೆ ಕೂತೆ. ಅಪಶಕುನ ಆಡಬಾರದೆಂಬ ಹಿಂಜರಿಕೆ. ಅವಳು ಎರಡು ಮಕ್ಕಳನ್ನು ಕಟ್ಟಿಕೊಂಡು ಮೇಲಿನ ಗುಡ್ಡದಲ್ಲಿ ಮಳೆಯಲ್ಲಿ ನೆನೆಯುತ್ತಿದ್ದಳು. ಮೂರನೆಯ ದಿನ ಕೆಳಗೆ ಬಂದರು. ಎಲ್ಲರೂ ಉಳಿದರು, ನಿಜ. ಆದರೆ ಆ ಒಂದು ದಿನದ ಮೌನ ಇಂದಿಗೂ ನನ್ನನ್ನು ಚುಚ್ಚುತ್ತದೆ. ಯಾವಾಗ ಕಾಯಬೇಕು, ಯಾವಾಗ ಕೂಗಬೇಕು ಎಂಬುದು ನನಗೆ ತಿಳಿದಿರಲಿಲ್ಲ. ಮಗಳು ಅದನ್ನೇ ಗಂಟೆ ನಮೂದಿಸಿ ಬರೆದುಕೊಟ್ಟಿದ್ದಳು. ಇಷ್ಟು ತಿಂಗಳು ಅವಳು ಹೋಗಲು ತಯಾರಾಗುತ್ತಿದ್ದಾಳೆ, ನಾನು ಸುಮ್ಮನೆ ಭಯಪಡುತ್ತಿದ್ದೇನೆ ಎಂದುಕೊಂಡಿದ್ದೆ. ಅವಳು ನನ್ನನ್ನೂ ತಯಾರು ಮಾಡುತ್ತಿದ್ದಳು.

ಹುತ್ತರಿ ಮುಗಿಸಿಕೊಂಡು ಹೊರಟಳು. ಹಾಳೆಯನ್ನು ಅಡುಗೆಮನೆಯ ಕ್ಯಾಲೆಂಡರಿನ ಪಕ್ಕ ಅಂಟಿಸಿ, ಗೋಡೆ ಗಡಿಯಾರಕ್ಕೆ ಹೊಸ ಸೆಲ್ ಹಾಕಿದೆ. ಅತ್ತೆ ಹಣೆಗೆ ಕುಂಕುಮವಿಟ್ಟು, "ಗಂಗಮ್ಮ ಕಾಯಲಿ" ಎಂದರು. ನನಗೂ ಜೋಪಾನ, ಹುಷಾರು ಎಂಬ ಮಾತುಗಳೆಲ್ಲ ಗಂಟಲಿಗೆ ಬಂದವು. ಎಲ್ಲವನ್ನೂ ನುಂಗಿಕೊಂಡು ಇಷ್ಟೇ ಹೇಳಿದೆ:

"ಹನ್ನೆರಡರೊಳಗೆ."

"ಹನ್ನೆರಡರೊಳಗೆ" ಎಂದಳು ಮಗಳು.