ನಿಧಾನ

ಮೆಲ್ಲನೆ ಕೆಲಸಮಾಡುವುದನ್ನು ಕನ್ನಡಿಗರು ನಿಧಾನವೆನ್ನುವರು. ಸಂಸ್ಕೃತದಲ್ಲಿ ಅದೇ ಶಬ್ದಕ್ಕೆ ನಿಕ್ಷೇಪ, ಎಂದರೆ ಕೂಡಿಟ್ಟ ನಿಧಿ, ಎಂದು ಅರ್ಥ. ಈ ಎರಡು ಅರ್ಥಗಳೂ ಒಬ್ಬನೇ ಮನುಷ್ಯನಲ್ಲಿ ಕೂಡಿಬಂದುದನ್ನು ಕಾಣಬೇಕಾದರೆ, ಬೆಲ್ಜಿಯಂ ದೇಶದ ಚಿತ್ರಕಥೆಗಾರನಾದ ಎಡ್ಗಾರ್ ಪಿ. ಜೇಕಬ್ಸನ ಚರಿತ್ರೆಯನ್ನೂ, ಅವನಿಗಾಗಿ ಕಾದು ಕುಳಿತ ರಸಿಕರ ಮನಸ್ಸನ್ನೂ ಒಟ್ಟಿಗೆ ನೋಡಬೇಕು.

ಚೌಕಗಳೊಳಗೆ ಚಿತ್ರಗಳನ್ನು ಸಾಲಾಗಿ ಬರೆದು, ಮಾತುಗಳನ್ನು ಸೇರಿಸಿ ಕಥೆಹೇಳುವ ಕಲೆಯು ಆ ದೇಶದಲ್ಲಿ ಬಾಲಕರ ವಿನೋದವಾಗಿ ಮಾತ್ರ ಉಳಿಯದೆ ದೊಡ್ಡವರ ಆದರಕ್ಕೂ ಪಾತ್ರವಾಗಿರುವುದು. ಜೇಕಬ್ಸನು 1904ರಲ್ಲಿ ಬ್ರಸೆಲ್ಸ್ ನಗರದಲ್ಲಿ ಜನಿಸಿದನು. ಮೊದಲು ಗೀತನಾಟಕಗಳಲ್ಲಿ ಹಾಡುವ ಗಾಯಕನಾಗಿದ್ದು, ಎರಡನೆಯ ಮಹಾಯುದ್ಧದ ಕಾಲದಲ್ಲಿ ಚಿತ್ರಕಥೆಗೆ ಕೈಹಾಕಿದನು. ಟಿನ್‌ಟಿನ್ ಕಥೆಗಳ ಕರ್ತೃವಾದ ಎರ್ಜೆಗೆ ಕೆಲವು ಕಾಲ ಸಹಾಯಕನಾಗಿಯೂ ಇದ್ದನು. 1946ರ ಸೆಪ್ಟೆಂಬರಿನಲ್ಲಿ ‘ಟಿನ್‌ಟಿನ್’ ವಾರಪತ್ರಿಕೆಯು ಹೊರಟಾಗ, ಅದರ ಮೊದಲನೆಯ ಸಂಚಿಕೆಯಲ್ಲಿಯೇ ಜೇಕಬ್ಸನ ಬ್ಲೇಕ್ ಮತ್ತು ಮಾರ್ಟಿಮರ್ ಎಂಬ ಇಬ್ಬರು ಮಿತ್ರರ ಸಾಹಸಕಥೆಯು ಆರಂಭವಾಯಿತು.

ಅಂದಿನಿಂದ 1972ರವರೆಗೆ, ಇಪ್ಪತ್ತಾರು ವರ್ಷಗಳಲ್ಲಿ, ಆ ಮಿತ್ರರ ಕಥೆಗಳು ಬಂದುವು ಎಂಟೇ ಎಂಟು. ಮೊದಲಿನವು ಒಂದರ ಹಿಂದೊಂದು ಬಂದರೂ, ಕಾಲಕಳೆದಂತೆ ನಡುವಣ ಅಂತರವು ಹೆಚ್ಚುತ್ತ ಹೋಯಿತು. ಕಥೆ, ಸಂಭಾಷಣೆ, ಚಿತ್ರ, ಇವೆಲ್ಲವೂ ಬಹುಮಟ್ಟಿಗೆ ಒಂದೇ ಕೈಯಿಂದ ಆಗಬೇಕಾಗಿದ್ದುವು. ಮಹಾಪಿರಮಿಡ್ಡಿನ ಕಥೆಗೆ ಪ್ರಾಚೀನ ಈಜಿಪ್ತನ್ನು ಬಲ್ಲ ವಿದ್ವಾಂಸರ ಸಲಹೆ ಬೇಕಾಯಿತು. ‘ಹಳದಿಯ ಗುರುತು’ ಎಂಬ ಕಥೆಯಲ್ಲಿ ಲಂಡನ್ನಿನ ರಾತ್ರಿಯೇ ಒಂದು ಪಾತ್ರವೆಂಬಂತೆ ಮೂಡಿರುವುದು. ‘ಕಾಲಯಂತ್ರದ ಬೋನು’ ಎನ್ನಬಹುದಾದ ಕಥೆಯು ನಡೆಯುವುದು ಫ್ರಾನ್ಸಿನ ಲಾ ರೋಷ್ ಗ್ಯುಯೋಂ ಎಂಬ ನಿಜವಾದ ಊರಿನಲ್ಲಿ. ಪುಸ್ತಕವನ್ನು ಕೈಯಲ್ಲಿ ಹಿಡಿದು ಹೋದ ಅಭಿಮಾನಿಯು ಅಲ್ಲಿಯ ಕೋಟೆಯನ್ನು ಇಂದಿಗೂ ಗುರುತಿಸಬಹುದು.

ಇಂತಹವನನ್ನು ದೀರ್ಘಸೂತ್ರಿಯೆಂದು ಹಳಿಯುವುದು ಸುಲಭ. ಆದರೆ ದೀರ್ಘಸೂತ್ರಿಯು ಕೆಲಸವನ್ನು ಆರಂಭಿಸಲಾರನು. ಅವಧಾನಿಯು ಆರಂಭಿಸಿದುದನ್ನು ಬಿಡಲಾರನು. ಹೊರಗಿನಿಂದ ನೋಡುವವರಿಗೆ ಇಬ್ಬರೂ ಸುಮ್ಮನೆ ಕುಳಿತಂತೆಯೇ ತೋರುವರು. ಹಾಗೆಂದು ಅಭಿಮಾನಿಯು ಪ್ರತಿಯೊಂದು ವಿಳಂಬವನ್ನೂ ತಪಸ್ಸೆಂದು ಹೊಗಳಬೇಕಾಗಿಲ್ಲ. ‘ಪ್ರೊಫೆಸರ್ ಸಾಟೋವಿನ ಮೂರು ಸೂತ್ರಗಳು’ ಎಂಬ ಕಡೆಯ ಕಥೆಯ ಪೂರ್ವಭಾಗವು 1971–72ರಲ್ಲಿ ಪತ್ರಿಕೆಯಲ್ಲಿ ಬಂದಿತು. ಅದು ಪುಸ್ತಕವಾದುದು 1977ರಲ್ಲಿ. ಉತ್ತರಭಾಗದ ಕಥಾಪಾಠವೂ ಕರಡು ಚಿತ್ರಗಳೂ ಸಿದ್ಧವಾಗಿದ್ದುವು. ಆದರೂ ಪುಟಗಳು ಪೂರ್ಣವಾಗಲಿಲ್ಲ. 1987ರ ಫೆಬ್ರವರಿಯಲ್ಲಿ ಜೇಕಬ್ಸನು ತೀರಿಕೊಂಡನು. ಕಲಾವಿದನು ಕಾಯಬಲ್ಲನು, ರಸಿಕನೂ ಕಾಯಬಲ್ಲನು. ಮೃತ್ಯುವಿಗೆ ಮಾತ್ರ ಆ ಅಭ್ಯಾಸವಿಲ್ಲ.

1946ರಲ್ಲಿ ಹತ್ತು ವರ್ಷದವನಾಗಿದ್ದ ಒಬ್ಬ ರಸಿಕನನ್ನು ವಾಚಕರು ಭಾವಿಸಿಕೊಳ್ಳಲಿ. ವಾರವಾರವೂ ಪತ್ರಿಕೆಗಾಗಿ ಅಂಗಡಿಯ ಮುಂದೆ ನಿಂತ ಆ ಬಾಲಕನು, ಕಡೆಯ ಕಥೆಯು ನಡುಮಾರ್ಗದಲ್ಲಿ ನಿಂತಾಗ ಮೂವತ್ತಾರು ವರ್ಷದ ಗೃಹಸ್ಥ; ಚಿತ್ರಕಾರನು ಕಣ್ಮುಚ್ಚಿದಾಗ ಐವತ್ತೊಂದರವನು. ಅವನ ಮನಸ್ಸಿನಲ್ಲಿ ಎರಡು ಆಸೆಗಳು ಸದಾ ಜಗಳವಾಡಿರಬೇಕು. ಮುಂದಿನ ಪುಟವು ಬೇಗನೆ ಬರಲಿ ಎಂಬುದೊಂದು. ಬಂದ ಪುಟವು ಹಿಂದಿನವುಗಳಿಗಿಂತ ಒಂದು ಗೆರೆಯಷ್ಟೂ ಕಡಮೆಯಾಗದಿರಲಿ ಎಂಬುದು ಇನ್ನೊಂದು. ಎರಡೂ ಒಟ್ಟಿಗೆ ಸಲ್ಲುವ ಆಸೆಗಳಲ್ಲ.

ಉತ್ತರಭಾಗವು ಕಡೆಗೂ 1990ರಲ್ಲಿ ಹೊರಬಂದಿತು. ಅದನ್ನು ಬರೆದು ಮುಗಿಸಿದವನು ಎರ್ಜೆಯ ಚಿತ್ರಶಾಲೆಯಲ್ಲಿ ಬಹುಕಾಲ ದುಡಿದ ಬಾಬ್ ಡಿ ಮೋರ್ ಎಂಬ ನಿಪುಣನು. ಇದೇ ಡಿ ಮೋರನು, 1983ರಲ್ಲಿ ಎರ್ಜೆಯು ಮೃತನಾದಾಗ ಅವನ ಅಪೂರ್ಣ ಕಥೆಯನ್ನೂ ಮುಗಿಸಬೇಕೆಂದಿದ್ದನು. ಅದಕ್ಕೆ ಅನುಮತಿ ದೊರೆಯದೆ, 1986ರಲ್ಲಿ ಎರ್ಜೆಯ ಕರಡು ರೇಖೆಗಳೇ ಇದ್ದಂತೆ ಅಚ್ಚಾದುವು. ಬಾಣಭಟ್ಟನ ಕಾದಂಬರಿಯನ್ನು ಅವನ ಮಗನು ಪೂರೈಸಿದ ಸಂಗತಿಯನ್ನು ಬಲ್ಲವರಿಗೆ ಈ ಸಂದಿಗ್ಧವು ಹೊಸದಲ್ಲ. ಕಥೆಯನ್ನು ತುದಿಮುಟ್ಟಿಸುವುದು ಲೇಸೋ, ತುಂಡಾದಲ್ಲಿಯೇ ಬಿಡುವುದು ಲೇಸೋ?

ಐವತ್ತನಾಲ್ಕನೆಯ ವಯಸ್ಸಿನಲ್ಲಿ ಆ ಹೊಸ ಪುಸ್ತಕವನ್ನು ಕೊಂಡ ರಸಿಕನಿಗೆ ಉತ್ತರವು ತಾನಾಗಿಯೇ ತಿಳಿದಿರಬೇಕು. ಮಾರ್ಟಿಮರನ ಗತಿಯೇನಾಯಿತೆಂದು ಅರಿತು ಅವನು ಸಂತೋಷಪಟ್ಟನು. ಡಿ ಮೋರನಿಗೆ ಕೃತಜ್ಞನೂ ಆದನು. ಆದರೆ ಹದಿನೆಂಟು ವರ್ಷಗಳ ಕಾಲ ತಾನು ಕಾದಿದ್ದುದು ಕಥೆಯ ಕೊನೆಗಾಗಿ ಅಲ್ಲ, ಆ ಕೈಗಾಗಿ ಎಂಬುದು ಅವನಿಗೆ ಆಗಲೇ ಹೊಳೆಯಿತು. ಆಮೇಲೆ ಬೇರೆ ಲೇಖಕರೂ ಚಿತ್ರಕಾರರೂ ಅದೇ ಮಿತ್ರರ ಹೊಸ ಸಾಹಸಗಳನ್ನು 1996ರಿಂದ ಬರೆಯತೊಡಗಿದರು. ಅವನು ಅವನ್ನೂ ಓದದೆ ಬಿಡಲಿಲ್ಲ. ಆದರೆ ಮಳೆಬಿದ್ದ ಸಂಜೆ ಕಪಾಟಿನಿಂದ ಕೈಗೆ ತೆಗೆದುಕೊಳ್ಳುತ್ತಿದ್ದುದು ಹಳೆಯ ‘ಹಳದಿಯ ಗುರುತ’ನ್ನೇ, ಓದುತ್ತಿದ್ದುದೂ, ಬರೆದವನಂತೆಯೇ, ನಿಧಾನವಾಗಿ.